ಜವಳಿ ಸಾಲಿನಲ್ಲಿ ಉಳಿದ ಧ್ವನಿ

ಅಡಿವೆಪ್ಪಣ್ಣನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತ ದಿನವೂ ಅವನ ಧ್ವನಿ ಅಂಗಡಿಯಲ್ಲಿ ಎಂದಿನಂತೆ ಸೀರೆ ಮಾರುತ್ತಿತ್ತು. ಆಸ್ಪತ್ರೆಯಿಂದ ಫೋನು ಬಂದಾಗ ನಾನು ಇಳಕಲ್ ಸೀರೆಗಳ ಕಪಾಟಿನ ಮುಂದೆ ಏಣಿಯ ಮೇಲಿದ್ದೆ. ಕೆಳಗೆ ಗಾದಿಯ ಮೇಲೆ, ಕಟ್ಟಿಗೆಯ ಸ್ಟ್ಯಾಂಡಿಗೆ ಒರಗಿಸಿಟ್ಟ ಟ್ಯಾಬ್, ನರಗುಂದದ ಕಡೆಯ ತಾಯಿ ಮಗಳಿಬ್ಬರಿಗೆ ಅವನದೇ ಧ್ವನಿಯಲ್ಲಿ, "ಸೆರಗ ಒಮ್ಮೆ ಹೆಗಲ ಮ್ಯಾಲೆ ಹಾಕ್ಕೊಂಡು ನೋಡ್ರಿ ಅಕ್ಕಾರ, ತಗೊಳ್ಳೋದು ಬಿಡೋದು ಆಮ್ಯಾಲಿನ ಮಾತು" ಎನ್ನುತ್ತಿತ್ತು. ಫೋನಿನಲ್ಲಿ ಅವನ ಹೆಂಡತಿ ಕಸ್ತೂರೆವ್ವ ವೈನಿ, "ಅವರಿಗೆ ಮಾತ ಬರವಲ್ದು" ಎಂದು ಅಳುತ್ತಿದ್ದರು. ಒಂದು ಕಿವಿಯಲ್ಲಿ ಅದು, ಇನ್ನೊಂದು ಕಿವಿಯಲ್ಲಿ ಇದು. ಏಣಿ ಇಳಿಯುವುದನ್ನೇ ಮರೆತು ನಿಂತಿದ್ದೆ.

ನಾನು ವಿಠ್ಠಲಸಾ. ಹುಬ್ಬಳ್ಳಿಯ ಜವಳಿ ಸಾಲಿನ ಆ ಅಂಗಡಿಯಲ್ಲಿ ಸೀರೆ ಬಿಚ್ಚಿ ಮಡಚಿ ಬಿಚ್ಚಿ ಮಡಚಿಯೇ ತಲೆ ನರೆತವನು. ಗಾದಿ ಎಂದರೆ ಬಿಳಿ ಬಟ್ಟೆ ಹೊದಿಸಿದ ಅಗಲವಾದ ಹಾಸು. ಅದರ ಈ ಬದಿಗೆ ನಾವು, ಆ ಬದಿಗೆ ಗಿರಾಕಿ, ನಡುವೆ ರಾಶಿ ಸೀರೆ. ಅಡಿವೆಪ್ಪ ಕೊಣ್ಣೂರ ನನಗಿಂತ ಹಿರಿಯ, ನನಗೆ ಕೆಲಸ ಕಲಿಸಿದವನು. ಇಡೀ ಸಾಲಿನಲ್ಲಿ ಅವನಂತೆ ಮಾರುವವರು ಇನ್ನೊಬ್ಬರಿರಲಿಲ್ಲ. ಕರವಸ್ತ್ರ ಕೇಳಲು ಬಂದವರು ಮದುವೆಯ ಸೀರೆ ಹಿಡಿದು ಹೋಗುತ್ತಿದ್ದರು, ಹೋಗುವಾಗ ಅವನಿಗೇ ಕೈಮುಗಿದು ಹೋಗುತ್ತಿದ್ದರು.

ಗಾದಿಯ ಮೊದಲ ಪಾಠ, ಗಿರಾಕಿಗೆ ಇಲ್ಲ ಅನ್ನಬಾರದು, ಬ್ಯಾಡ ಅನ್ನಬಾರದು. ಕೇಳಿದ ಬಣ್ಣ ಇರದಿದ್ದರೆ "ನಾಳೆ ಬರ್ತೈತ್ರಿ" ಅನ್ನಬೇಕು. ಕೇಳಿದ ದರಕ್ಕೆ ಕೊಡಲು ಆಗದಿದ್ದರೆ "ನಿಮ್ಮ ಮಾತು ದೊಡ್ಡದು, ಇನ್ನೊಂದು ನೋಡ್ರಿ" ಎಂದು ಹೊಸ ಸೀರೆ ಬಿಚ್ಚಬೇಕು. ಲಕ್ಷ್ಮಿ ಹೊಸ್ತಿಲ ಮೇಲೆ ನಿಂತಿರುವಾಗ ಆ ಶಬ್ದ ಬಾಯಿಗೆ ಬರಬಾರದು ಎಂದು ಹಿರಿಯರು ನಂಬಿದ್ದರು. ನಾವು ನಂಬಿರಲಿಲ್ಲ, ಆದರೆ ನಾಲಿಗೆಗೆ ರೂಢಿಯಾಗಿತ್ತು.

ಟ್ಯಾಬ್ ಬಂದಾಗ ನಾವು ಯಾರೂ ಹೆದರಲಿಲ್ಲ. ಮೊದಲು ಅದು ಅಂಗಡಿಯಲ್ಲಿ ಏನೇನು ದಾಸ್ತಾನು ಇದೆ ಎಂದು ತೋರಿಸುತ್ತಿತ್ತು, ಅಷ್ಟೆ. ಆಮೇಲೆ ಗಿರಾಕಿಯ ಚಿತ್ರಕ್ಕೆ ಸೀರೆ ಉಡಿಸಿ ತೋರಿಸತೊಡಗಿತು. ಹೆಣ್ಣುಮಕ್ಕಳು ಸೆರಗು ಮುಟ್ಟುವುದನ್ನು ಬಿಟ್ಟು ಪರದೆ ಮುಟ್ಟತೊಡಗಿದರು. ಆಮೇಲೆ ಗೋಕುಲ ರಸ್ತೆಯ ಒಂದು ಕಂಪನಿಯವರು ಬಂದು ಅಡಿವೆಪ್ಪಣ್ಣನ ಪಕ್ಕದಲ್ಲಿ ಒಂದು ಟ್ಯಾಬ್ ಇಟ್ಟು, "ಇದು ನಿಮ್ಮನ್ನ ನೋಡ್ಕೊಂತ ಕೂಡ್ತೈತಿ, ನಿಮ್ಮ ಪಾಡಿಗೆ ನೀವು ಮಾರ್ರಿ" ಅಂದರು. ಅವನು ನಕ್ಕು, "ಕೂಡ್ಲಿ ಬಿಡ್ರಿ, ಕಲೀಲಿ" ಅಂದ. ಅದು ವರ್ಷಗಟ್ಟಲೆ ಕುಳಿತು ಕಲಿಯಿತು. ಅವನ ಮಾತನ್ನಷ್ಟೇ ಅಲ್ಲ, ಯಾವ ಮಾತಿಗೆ ಗಿರಾಕಿಯ ಮುಖ ಅರಳಿತು, ಯಾವ ಮಾತಿಗೆ ಹುಬ್ಬು ಗಂಟಾಯಿತು, ಬೆರಳು ಯಾವ ಜರಿಯ ಮೇಲೆ ತುಸು ಹೆಚ್ಚು ಹೊತ್ತು ನಿಂತಿತು, ಎಲ್ಲವನ್ನೂ ಕಲಿಯಿತು. ಕಡೆಗೆ ಅವನ ಧ್ವನಿಯಲ್ಲೇ ಮಾತಿಗಿಳಿಯಿತು. ಅದು ಅವನಿಗಿಂತ ಚೆನ್ನಾಗಿ ಮಾರಿತು ಅನ್ನಲು ನನಗೆ ಈಗಲೂ ಮನಸ್ಸಿಲ್ಲ. ಆದರೆ ಅದು ಊಟಕ್ಕೆ ಏಳುತ್ತಿರಲಿಲ್ಲ.

ಮೊದಲು ನಮ್ಮ ಗಾದಿ ಖಾಲಿಯಾಯಿತು. ಆಮೇಲೆ ಎದುರಿನದು, ಅದರ ಪಕ್ಕದ್ದು. ಸಾಹುಕಾರರನ್ನು ಬೈದು ಫಲವಿಲ್ಲ, ಎದುರಿನ ಅಂಗಡಿಯವನು ತಂದ ಮೇಲೆ ತಾವೂ ತರದಿದ್ದರೆ ಅವರು ನೊಣ ಹೊಡೆಯುತ್ತ ಕೂಡಬೇಕಿತ್ತು. ಎದುರಿನ ಅಂಗಡಿಯ ಪೀರಸಾಬ, ನಮ್ಮಿಬ್ಬರ ಚಹಾದ ಗೆಳೆಯ, ಈಗ ಅದೇ ಸಾಲಿನಲ್ಲಿ ತಳ್ಳುಗಾಡಿಯ ಮೇಲೆ ಒಳಲಂಗ ಮತ್ತು ಫಾಲ್ ಮಾರುತ್ತಾನೆ. ಟ್ಯಾಬಿಗೆ ಕೈಗಳಿಲ್ಲದ್ದರಿಂದ ನನ್ನನ್ನು ಉಳಿಸಿಕೊಂಡರು. ಅದು ಹೇಳಿದ ಸೀರೆಯನ್ನು ಯಾರಾದರೂ ಏಣಿ ಹತ್ತಿ ಇಳಿಸಬೇಕಲ್ಲ. ಅಡಿವೆಪ್ಪಣ್ಣನಿಗೆ ಶಾಲು ಹೊದಿಸಿ ಮನೆಗೆ ಕಳಿಸಿದರು. ಅವನ ಧ್ವನಿಯನ್ನು ಹುಬ್ಬಳ್ಳಿ ಧಾರವಾಡದ ಅಂಗಡಿಗಳಲ್ಲಿ ಬಳಸಲು ಕಂಪನಿ ಕೆಲವು ವರ್ಷಗಳ ಕರಾರು ಮಾಡಿಕೊಂಡಿತ್ತು. ಅದು ಇಷ್ಟು ದೂರ ಹೋಗುತ್ತದೆ ಎಂದು ಸಹಿ ಮಾಡುವಾಗ ಅವನಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಜವಳಿ ಸಾಲಿಗೆ ಬರುವುದನ್ನೇ ಬಿಟ್ಟ, ಪೀರಸಾಬನ ಮುಖ ನೋಡುವುದು ತನ್ನಿಂದಾಗದು ಅಂದ. ಅದಾಗಿ ವರ್ಷ ತುಂಬುವುದರೊಳಗೆ ಈ ಹೊಡೆತ ಬಿತ್ತು.

ಹಳೇ ಹುಬ್ಬಳ್ಳಿಯ ಅವನ ಮನೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂಡಿಸಿರುತ್ತಿದ್ದರು. ಬಲಗೈ ಬಲಗಾಲು ಬಿದ್ದುಹೋಗಿದ್ದವು. ನಾವು ಆಡಿದ್ದೆಲ್ಲ ಅವನಿಗೆ ತಿಳಿಯುತ್ತದೆ, ತಾನಾಗಿ ಆಡಲು ಮಾತ್ರ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ತಲೆಯಾಡಿಸುವುದನ್ನೂ ನಂಬುವ ಹಾಗಿರಲಿಲ್ಲ, ಹೂಂ ಅಂದರೂ ಉಹೂಂ ಅಂದರೂ ತಲೆ ಒಂದೇ ಕಡೆಗೆ ವಾಲುತ್ತಿತ್ತು. ಸುಮ್ಮಸುಮ್ಮನೆ ಕಣ್ಣಲ್ಲಿ ನೀರು ಬರುತ್ತಿತ್ತು. ಈ ಕಾಯಿಲೆಯಲ್ಲಿ ಅಳು ತಾನೇ ತಾನಾಗಿ ಬರುತ್ತದೆ, ಅದಕ್ಕೆ ಅರ್ಥ ಹಚ್ಚಬೇಡಿ ಎಂದೂ ಡಾಕ್ಟರು ಹೇಳಿದ್ದರು.

ವೈನಿ ಒಂದು ದಿನ ಚಹಾದ ಕಪ್ಪು ನನ್ನ ಮುಂದಿಟ್ಟು ಅಂದರು, "ಇವರು ಮನ್ಯಾಗ ಎಂದ ಮಾತಾಡ್ಯಾರಪಾ ವಿಠ್ಠಲಸಾ? ಇದ್ದ ಮಾತೆಲ್ಲಾ ಗಾದಿ ಮ್ಯಾಲೆ ಖರ್ಚ ಮಾಡಿ ಬರೋರು. ಬಾಯಿ ಸೋತೈತಿ, ಸುಮ್ನ ಉಣ್ಣಾಕ ನೀಡು ಅನ್ನೋರು. ಅಂಗಡಿ ಬಿಟ್ಟ ಮ್ಯಾಲರ ನನ್ನ ಕೂಡ ಮಾತಾಡ್ತಾರ ಅಂತ ದಾರಿ ಕಾದಿದ್ದೆ. ಅಷ್ಟ್ರಾಗ ಹಿಂಗಾತು."

ನಾನು ಚಹಾ ಕುಡಿದು ಕಪ್ಪು ಕೆಳಗಿಟ್ಟೆ.

"ಅವರ ಧ್ವನಿ ನಿಮ್ಮ ಅಂಗಡ್ಯಾಗ ಐತಲ್ಲ," ಅಂದರು. "ಅದನ್ನ ಒಂಚೂರು ಮನಿಗೆ ತಂದ ಕೊಡಾಕ ಆಗ್ತೈತೇನ ಕೇಳು."

ಹೀಗೆ ನಾನು ಗೋಕುಲ ರಸ್ತೆಯ ಆ ಕಂಪನಿಗೆ ಹೋದೆ. ಅಲ್ಲಿ ತಬಸ್ಸುಮ್ ಮುಲ್ಲಾ ಎಂಬ ಇಂಜಿನಿಯರ್ ಹುಡುಗಿ ಇದ್ದಳು. ಮೊದಲು ನಮ್ಮ ಅಂಗಡಿಗೆ ಟ್ಯಾಬ್ ತಂದಾಗ ಅಡಿವೆಪ್ಪಣ್ಣನ ಮಗ್ಗುಲಲ್ಲಿ ಕುಳಿತು ಅದಕ್ಕೆ ಕಲಿಸಿದವಳು ಅವಳೇ. ಅವಳು ನನ್ನನ್ನು ಒಂದು ದೊಡ್ಡ ಕೋಣೆಗೆ ಕರೆದೊಯ್ದಳು. ಗೋಡೆಯ ತುಂಬ ನಕ್ಷೆ, ನಕ್ಷೆಯ ತುಂಬ ಹಸಿರು ಚುಕ್ಕೆ, ಒಂದೊಂದು ಚುಕ್ಕೆ ಒಂದೊಂದು ಅಂಗಡಿ. ಯಾವುದೋ ಚುಕ್ಕೆ ಒತ್ತಿದಳು, ಅಡಿವೆಪ್ಪಣ್ಣ ಧಾರವಾಡದಲ್ಲಿ ಯಾರಿಗೋ ಧೋತರ ತೋರಿಸುತ್ತಿದ್ದ. ಇನ್ನೊಂದು ಒತ್ತಿದಳು, ಉಣಕಲ್ಲಿನಲ್ಲಿ ಯಾರದೋ ಮಗುವಿಗೆ ಅಂಗಿಯ ಅಳತೆ ಹೇಳುತ್ತಿದ್ದ. ಸಾಕು ತೆಗಿಯವ್ವಾ ಅಂದೆ.

ಅವಳು ನನ್ನ ಮಾತನ್ನೆಲ್ಲ ಕೇಳಿದಳು. "ಮಾಡಬಹುದು ಕಾಕಾ," ಅಂದಳು. "ಕುತ್ತಿಗಿಗೆ ಒಂದು ಪಟ್ಟಿ ಕಟ್ಟೋಣ. ಮಾತಾಡಾಕ ಹೋದ್ರ ಅವರ ಗಂಟಲಾಗ ಸಣ್ಣಗ ನಡುಕ ಹುಟ್ತೈತಿ, ಬಾಯಿಗೆ ಬರೂದಿಲ್ಲ ಅಷ್ಟ. ಆ ನಡುಕ ಹಿಡಿದು, ಅವರು ಏನ ಅನ್ನಾಕ ಹತ್ಯಾರ ಅನ್ನೋದನ್ನ ಟ್ಯಾಬ್ ಊಹೆ ಮಾಡಿ ಅವರ ಧ್ವನ್ಯಾಗ ಹೇಳ್ತೈತಿ. ನಿನ್ನ ಮದುವಿಗೆ ಸೀರಿ ನಾನ ಆರಿಸಿ ಕೊಡ್ತೀನಿ ಅಂತ ನನಗ ಅಂದಿದ್ರು. ಆ ಮಾತ ಇನ್ನೊಮ್ಮೆ ಕೇಳಿಸ್ಕೊಳ್ಳೋಣು."

ಅವಳು ಟ್ಯಾಬ್ ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟ ದಿನವನ್ನು ಮರೆಯಲಾರೆ. ಪಟ್ಟಿ ಕಟ್ಟಿ ಹೊಂದಿಸಿದಳು. ವೈನಿ ಅದರ ಮುಂದೆ ಹೋಗಿ ನಿಂತರು, ಮದುಮಗಳ ಹಾಗೆ ಕೈ ಹಿಸುಕಿಕೊಳ್ಳುತ್ತಿದ್ದರು. ಟ್ಯಾಬ್ ಅಂದಿತು, "ಬಾರವಾ ಕಸ್ತೂರಿ, ಕೂಡು ಬಾ. ಎಷ್ಟ ದಣದೀದಿ. ನಿನ್ನ ಕೈಯಾಗಿನ ರೊಟ್ಟಿ ಉಂಡವರು ಬ್ಯಾರೆ ಮನಿ ಊಟ ಕೇಳ್ತಾರೇನು?" ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದರು. ಒಳಗಿನಿಂದ ಅಳುವಿನ ಸದ್ದು ಬಂತು, ಆದರೆ ಅದು ಸಂತೋಷದ ಅಳು. ತಬಸ್ಸುಮ್ ಕೂಡ ಕಣ್ಣೊರೆಸಿಕೊಂಡಳು. ಅಡಿವೆಪ್ಪಣ್ಣನ ಕೆನ್ನೆಯ ಮೇಲೂ ನೀರಿತ್ತು, ಆದರೆ ಡಾಕ್ಟರು ಹೇಳಿದ್ದು ನಮಗೆ ನೆನಪಿತ್ತು, ನಾವು ಅದಕ್ಕೆ ಅರ್ಥ ಹಚ್ಚಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಮನೆಗೆ ಕಳೆ ಬಂತು. ವೈನಿ ಕೆಲಸ ಮುಗಿಸಿ ಮಂಚದ ಹತ್ತಿರ ಕೂಡುತ್ತಿದ್ದರು. ಮದುವೆಯಾದಂದಿನಿಂದ ಕೇಳದ ಮಾತುಗಳನ್ನೆಲ್ಲ ಕೇಳುತ್ತಿದ್ದರು. ಔಷಧ ಕೊಟ್ಟರೆ "ನಿನ್ನ ಕೈಗುಣ ಚಲೋ", ಅಂಗಿ ಹಾಕಿದರೆ "ನೀ ಆರಿಸಿದ್ದು ಅಂದ್ರ ಕಣ್ಣ ಮುಚ್ಚಿ ಹಾಕ್ಕೋಬಹುದು". ನಾನು ಹೋದರೆ "ಬಾ ವಿಠ್ಠಲಸಾ, ನೀ ಬಂದ್ರ ಮನಿ ತುಂಬತೈತಿ". ನನಗೆ ಹಿತವೆನಿಸುತ್ತಿತ್ತು, ಯಾಕೆ ಸುಳ್ಳು ಹೇಳಲಿ. ಇದೇ ಅಡಿವೆಪ್ಪಣ್ಣ ಹಿಂದೆ ನನ್ನನ್ನು ಮನೆಯ ಬಾಗಿಲಲ್ಲಿ ಕಂಡರೆ "ಏನ, ಮತ್ತ ಬಂದೆ" ಎನ್ನುತ್ತಿದ್ದವನು.

ಆ ಹೊತ್ತಿಗೆ ಕಂಪನಿಯ ಕರಾರು ಮುಗಿಯುತ್ತ ಬಂದಿತ್ತು. ಬೆಳಗಾವಿಯಿಂದ ಕಲಬುರಗಿಯವರೆಗೆ ಎಲ್ಲ ಊರಿನ ಜವಳಿ ಅಂಗಡಿಗೂ ಅವನ ಧ್ವನಿಯನ್ನು ಒಯ್ಯಬೇಕೆಂದು ಅವರು ಹೊರಟಿದ್ದರು. ಅದಕ್ಕೆ ಅವನ ಒಪ್ಪಿಗೆ ಹೊಸದಾಗಿ ಬೇಕಿತ್ತು. ಬೇರೆ ಯಾರ ಧ್ವನಿಗೂ ಇಷ್ಟು ವರ್ಷದ ಕಲಿಕೆ ಇರಲಿಲ್ಲ. ಇವನು ಒಲ್ಲೆ ಅಂದರೆ ಕಂಪನಿ ಮೊದಲಿಂದ ಶುರು ಮಾಡಬೇಕು, ಅಷ್ಟರಲ್ಲಿ ಆ ಊರುಗಳ ಗಾದಿಯವರು ಎಷ್ಟೋ ವರ್ಷ ಉಸಿರಾಡಬಹುದು. ಪೀರಸಾಬ ಇದನ್ನು ಕೇಳಿ, ಕೆಲಸ ಕಳೆದುಕೊಂಡ ನಾಲ್ಕಾರು ಮಂದಿಯನ್ನು ಕಟ್ಟಿಕೊಂಡು ಮನೆಗೆ ಬಂದ. ಮಂಚದ ಕಾಲ ಬಳಿ ನೆಲದ ಮೇಲೇ ಕುಳಿತ.

"ಅಣ್ಣಾ, ನಮ್ಮದು ಆಗಿದ್ದು ಆಗಿಹೋತು," ಅಂದ. "ಗದಗ, ಬಾಗಲಕೋಟಿ, ವಿಜಾಪುರದಾಗ ಇನ್ನೂ ಮಂದಿ ಗಾದಿ ಮ್ಯಾಲೆ ಕುಂತಾರ. ನನ್ನ ಅಳಿಯಾನೂ ಅದಾನ. ನೀ ಒಬ್ಬಾಂವ ಆಗೂದಿಲ್ಲ ಅಂದ್ರ ಸಾಕು."

ಟ್ಯಾಬ್ ಅಂದಿತು, "ನಿಮ್ಮನ್ನ ಬಿಟ್ಟ ನಾ ಯಾರು, ಪೀರಸಾಬ? ಆ ಮಾತ ಅಲ್ಲೇ ಮುಗೀತು ಅಂತ ತಿಳ್ಕೋ. ನಿಶ್ಚಿಂತಿಲೆ ಹೋಗ್ರಿ."

ಪೀರಸಾಬ ಅವನ ಕಾಲು ಮುಟ್ಟಿ ಹೊರಗೆ ಬಂದ. ಅವನ ಮುಖದಲ್ಲಿ ಅಂಥ ಗೆಲುವನ್ನು ಬಹಳ ದಿನಗಳ ಮೇಲೆ ಕಂಡೆ.

ಅದೇ ವಾರ ಕಂಪನಿಯ ಮ್ಯಾನೇಜರ್ ಕಟಗೇರಿ ಬಂದರು. ಹಣ್ಣಿನ ಬುಟ್ಟಿ ತಂದಿದ್ದರು, ಕೆಟ್ಟ ಮನುಷ್ಯರಲ್ಲ. ಅಂದು ನಾನೂ ಅಲ್ಲಿದ್ದೆ. ಅವರು ವಿಷಯವನ್ನು ಬಿಡಿಸಿ ಹೇಳಿ, "ನಿಮ್ಮ ಒಪ್ಪಿಗಿ ನಿಮ್ಮ ಧ್ವನ್ಯಾಗ ಬೇಕ್ರಿ. ಮತ್ತ ಮತ್ತ ಕೇಳಿ ಖಾತ್ರಿ ಮಾಡ್ಕೋಬೇಕಂತ ನಿಯಮ ಐತಿ" ಅಂದರು. ನಾನು ಅಡಿವೆಪ್ಪಣ್ಣನ ಕಡೆ ಧೈರ್ಯದಿಂದ ನೋಡಿದೆ. ಟ್ಯಾಬ್ ಅಂದಿತು, "ನಿಮ್ಮ ಮಾತಿಗೆ ನಾ ಎರಡ ಅಂತೀನೇನ್ರಿ ಸಾಹೇಬ್ರ? ಸಂತೋಷದಿಂದ ಮಾಡ್ರಿ." ಇನ್ನೊಮ್ಮೆ ಕೇಳಿದರು. "ನಿಮ್ಮದ ಅಂತ ತಿಳ್ಕೊಂಡ ಒಯ್ರಿ." ಮತ್ತೊಮ್ಮೆ ಕೇಳಿದರು, ಅದೇ ನಗೆಯ ಧ್ವನಿ. ಅಡಿವೆಪ್ಪಣ್ಣನ ಎಡಗೈ ಕುತ್ತಿಗೆಯ ಪಟ್ಟಿಯನ್ನು ಹಿಡಿದು ಜಗ್ಗುತ್ತಿತ್ತು. ಬೆವರಿಗೆ ತುರಿಸುತ್ತಿರಬೇಕೆಂದು ವೈನಿ ಸೆರಗಿನಿಂದ ಕುತ್ತಿಗೆ ಒರೆಸಿ, ಪಟ್ಟಿಯನ್ನು ಸರಿಮಾಡಿ ಮತ್ತೆ ಕಟ್ಟಿದರು.

ಸುದ್ದಿ ಮರುದಿನವೇ ಜವಳಿ ಸಾಲಿಗೆ ಮುಟ್ಟಿತು. ನಮಗೊಂದು ಅವರಿಗೊಂದು ಮಾತಾಡಿದ, ಹಾಸಿಗೆ ಹಿಡಿದರೂ ವ್ಯಾಪಾರದ ಬುದ್ಧಿ ಬಿಡಲಿಲ್ಲ ಎಂದು ಜನ ಉಗಿದರು. ಅಡಿವೆಪ್ಪಣ್ಣನ ಹೆಸರು ಬಂದಾಗ ಪೀರಸಾಬ ತಳ್ಳುಗಾಡಿಯನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತಿದ್ದ, ಅಷ್ಟೆ. ನನಗೂ ಸಿಟ್ಟು ಬಂದಿತ್ತು, ಮೈಯೆಲ್ಲ ಉರಿಯುವಂಥ ಸಿಟ್ಟು. ಆ ಮನೆಯ ಕಡೆ ಮುಖ ಹಾಕಲಿಲ್ಲ.

ಒಂದು ಮಧ್ಯಾಹ್ನ ವೈನಿಯೇ ಅಂಗಡಿಗೆ ಬಂದರು. ಮೆಟ್ಟಿಲು ಹತ್ತುತ್ತಿದ್ದಂತೆ ಟ್ಯಾಬ್ ಅವರನ್ನು ಕಂಡು, "ಬರ್ರಿ ಅಕ್ಕಾರ, ಬಿಸಲಾಗ ಬಂದೀರಿ, ಮೊದಲ ನೀರ ಕುಡೀರಿ" ಅಂದಿತು. ಗಂಡನ ಧ್ವನಿ ಅಕ್ಕಾರ ಎಂದು ಕರೆದರೂ ವೈನಿ ಅದರ ಕಡೆ ತಿರುಗಲಿಲ್ಲ. ನೇರ ನನ್ನ ಏಣಿಯ ಹತ್ತಿರ ಬಂದರು.

"ವಿಠ್ಠಲಸಾ, ಮನ್ಯಾಗ ಮಾತಾಡೋರು ಅವರಲ್ಲ," ಅಂದರು. "ಹಾಗಲಕಾಯಿ ಅಂದ್ರ ಅವರಿಗೆ ಮೊದಲಿಂದ ಆಗೂದಿಲ್ಲ. ನಿನ್ನೆ ನನಗ ಅಂತ ಮಾಡ್ಕೊಂಡಿದ್ದೆ. ನಿಮಗೂ ಬೇಕೇನು ಅಂತ ಚ್ಯಾಷ್ಟಿಗೆ ಕೇಳಿದೆ. ಇನ್ನಷ್ಟ ನೀಡು, ನಿನ್ನ ಕೈಯಾಗ ಕಹಿನೂ ಸಿಹಿ ಆಗ್ತೈತಿ ಅಂತು. ಖರೇನ ಅಂತ ಒಂದ ತುತ್ತ ಬಾಯಿಗಿಟ್ಟೆ. ಉಗಳಿಬಿಟ್ರು. ಬಾಯಿ ಉಗಳಾಕ ಹತ್ತಿತ್ತು, ಡಬ್ಬಿ ಹೊಗಳಾಕ ಹತ್ತಿತ್ತು."

ನಾನು ಸೀರೆಯನ್ನು ಅರ್ಧ ಮಡಚಿದಲ್ಲೇ ಬಿಟ್ಟು ಗೋಕುಲ ರಸ್ತೆಗೆ ಹೊರಟೆ.

ತಬಸ್ಸುಮ್ ಪೂರ್ತಿ ಕೇಳಿದಳು. ಆಮೇಲೆ ನಿಧಾನವಾಗಿ ಹೇಳಿದಳು, "ಗಂಟಲ ನಡುಕದಿಂದ ಒಂದ ಮಾತ ಹುಟ್ಟೂದಿಲ್ಲ ಕಾಕಾ, ಹತ್ತಾರು ಹುಟ್ತಾವು. ಅದರಾಗ ಯಾವುದನ್ನ ಆರಿಸ್ಬೇಕು ಅನ್ನೋದನ್ನ ಟ್ಯಾಬ್ ಎದುರಿಗೆ ಕುಂತವರ ಮುಖ ನೋಡಿ ಆರಿಸ್ತೈತಿ. ಯಾವ ಮಾತಿಗೆ ಮುಖ ಅರಳ್ತೈತೋ ಅದು. ಗಾದಿ ಮ್ಯಾಲೆ ನಾವ ಕಲಿಸಿದ್ದು ಅದನ್ನ. ಮನಿಗೆ ಒಯ್ಯೋವಾಗ ನಾ ಅದನ್ನ ತೆಗೀಬೇಕು ಅಂತ ಹೊಳೀಲಿಲ್ಲ."

ಅವಳನ್ನು ಬೈಯಬೇಕೆಂದುಕೊಂಡು ಹೋಗಿದ್ದೆ. ಅವಳ ಮುಖ ನೋಡಿ, ನಡಿಯವ್ವಾ ಮನಿಗೆ ಹೋಗೋಣು ಅಂದೆ.

ಇಬ್ಬರೂ ಅಡಿವೆಪ್ಪಣ್ಣನ ಮನೆಗೆ ಹೋದೆವು. ಎದುರಿನವರ ಮುಖ ಕಾಣದಿದ್ದರೆ ಅದು ಯಾರನ್ನೂ ಮೆಚ್ಚಿಸಲು ಹೋಗುವುದಿಲ್ಲ, ಆಗ ಗಂಟಲಿನಿಂದ ಬಂದದ್ದೇ ಹೊರಗೆ ಬರುತ್ತದೆ ಎಂದಳು. ವೈನಿ ಕಪಾಟಿನಿಂದ ಒಂದು ಕುಪ್ಪಸದ ಖಣ ತೆಗೆದರು. ತಬಸ್ಸುಮ್ ಅದನ್ನು ಮಡಚಿ ಟ್ಯಾಬಿನ ಕ್ಯಾಮೆರಾ ಕಣ್ಣಿನ ಮೇಲೆ ಹೊದಿಸಿದಳು. ಮೊದಲು ಬರೀ ಕರಕರ ಸದ್ದು. ಆಮೇಲೆ ಅಡಿವೆಪ್ಪಣ್ಣನ ಧ್ವನಿ, ಆದರೆ ನಗೆಯಿಲ್ಲದ, ಒರಟಾದ, ತಡವರಿಸುವ ಧ್ವನಿ.

"ಬ್ಯಾಡ," ಅಂದಿತು. "ಬ್ಯಾಡ. ಬ್ಯಾಡ. ಮಡಚು. ಎಲ್ಲಾ ಮಡಚು."

ಮುಖ ನೋಡಿ ಮಾತು ಕಟ್ಟುವುದು ನಿಂತ ಮೇಲೆ ಅದರಲ್ಲಿ ಉಳಿದದ್ದು ಗಾದಿಯ ಮೇಲೆ ನಾವೂ ಗಿರಾಕಿಗಳೂ ಆಡುವ ತುಂಡು ಮಾತುಗಳಷ್ಟೇ. ಇದ್ದಷ್ಟರಲ್ಲೇ ಅವನು ಹೇಳಬೇಕಿತ್ತು. ತಬಸ್ಸುಮ್ ಅವನ ಎಡಗೈ ಹಿಡಿದು ಕೇಳಿದಳು, "ಕಂಪನಿಗೆ ಧ್ವನಿ ಕೊಡೋದು, ಕಾಕಾ?" "ಬ್ಯಾಡ." "ಪೀರಸಾಬ ಕೇಳಿದ್ದು?" "ಹೂಂ. ಹೂಂ. ಗಿರಾಕಿ ಅಲ್ಲ ಅಂವ. ನಮ್ಮಾಂವ."

ವೈನಿ ಬಾಗಿಲಿಗೆ ಒರಗಿ ನಿಂತಿದ್ದರು. "ಹಾಗಲಕಾಯಿ?" ಎಂದು ಕೇಳಿದರು. "ಬ್ಯಾಡ," ಅಂದಿತು ಧ್ವನಿ, ಹಳೆಯ ಅಡಿವೆಪ್ಪಣ್ಣನ ಸಿಡುಕಿನಲ್ಲಿ. ನಾವೆಲ್ಲ ನಕ್ಕುಬಿಟ್ಟೆವು, ವೈನಿ ನಗುತ್ತ ನಗುತ್ತಲೇ ಅತ್ತರು. ಅವರು ಹೊಗಳಿಕೆಯನ್ನೆಲ್ಲ ಕಳೆದುಕೊಂಡಿದ್ದರು, ರೊಟ್ಟಿಯದು, ಕೈಗುಣದ್ದು, ಎಲ್ಲ. ಸ್ವಲ್ಪ ಹೊತ್ತಿನ ಮೇಲೆ ಯಾರೂ ಏನೂ ಕೇಳದೆ ಇದ್ದಾಗ ಧ್ವನಿ ತಾನಾಗಿ ಅಂದಿತು, "ಗಟ್ಟಿ ಬಣ್ಣ." ಅಡಿವೆಪ್ಪಣ್ಣ ವೈನಿಯ ಕಡೆ ನೋಡುತ್ತಿದ್ದ. ಎಷ್ಟು ಒಗೆದರೂ ಬಣ್ಣ ಬಿಡದ ಸೀರೆಗೆ ನಾವು ಹಾಗೆ ಅನ್ನುತ್ತೇವೆ. ವೈನಿ ಹೋಗಿ ಅವನ ಪಕ್ಕದಲ್ಲಿ ಕುಳಿತರು.

ನಾವು ಮೂವರೂ ಕಟಗೇರಿಯವರ ಬಳಿಗೆ ಹೋದೆವು. ಅವರು ಪೂರ್ತಿ ಕೇಳಿಸಿಕೊಂಡರು. "ಅಮ್ಮಾರ, ನನಗೂ ಕೆಟ್ಟ ಅನಸ್ತೈತಿ," ಅಂದರು. "ಆದ್ರ ಯಂತ್ರ ಸರಿ ಇದ್ದಾಗ ಅವರು ಒಪ್ಪ್ಯಾರ. ಕಣ್ಣಿಗೆ ಬಟ್ಟಿ ಕಟ್ಟಿದ ಮ್ಯಾಲೆ ಅಂದದ್ದು ಅವರ ಮಾತು ಅಂತ ಮ್ಯಾಲಿನವರು ಒಪ್ಪೂದಿಲ್ಲ. ಅವರ ಧ್ವನಿ ಹೌದು ಅಂದೈತಿ, ಕಾಗದಕ್ಕ ಅಷ್ಟ ಬೇಕು." ತಬಸ್ಸುಮ್ ಅವರ ಜೊತೆ ವಾದಿಸಿದಳು, ಮೇಲಿನವರಿಗೆ ಬರೆದಳು, ಮತ್ತೆ ಬರೆದಳು. ತಿಂಗಳು ಕಳೆಯುವುದರಲ್ಲಿ ಅವಳಿಗೆ ಪುಣೆಗೆ ವರ್ಗವಾಯಿತು. ಗದಗದಲ್ಲಿ, ಬಾಗಲಕೋಟೆಯಲ್ಲಿ ಹಸಿರು ಚುಕ್ಕೆಗಳು ಹತ್ತಿಕೊಂಡವು.

ನಾನು ಪೀರಸಾಬನನ್ನು ಹುಡುಕಿಕೊಂಡು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಒಳಲಂಗಗಳನ್ನು ಅಳತೆಯ ಪ್ರಕಾರ ಜೋಡಿಸುತ್ತ ಕೇಳಿದ.

"ವಿಠ್ಠಲಸಾ, ಆಗೂದಿಲ್ಲ ಅಂತ ನಮಗ ಹೇಳಿದ್ದೂ ಅದ ಡಬ್ಬಿ," ಅಂದ. "ಆಗ್ಲಿ ಅಂತ ಅವರಿಗೆ ಹೇಳಿದ್ದೂ ಅದ ಡಬ್ಬಿ. ಈಗ ಬಟ್ಟಿ ಹೊಚ್ಚಿದ್ರ ಮೂರನೇದು ಹೇಳ್ತೈತಿ ಅಂತಿ. ಅದರಾಗ ಅಡಿವೆಪ್ಪಣ್ಣ ಯಾಂವ ಅಂತ ನಾ ಹೆಂಗ ತಿಳೀಲಿ? ನನ್ನ ಅಳಿಯಾ ನಿನ್ನೆ ಗಾದಿ ಬಿಟ್ಟು ಬಂದ. ಅದೊಂದ ನನಗ ಗೊತ್ತಿದ್ದದ್ದು."

ಒಮ್ಮೆ ಬಂದು ನೋಡು, ಅವನ ಕಣ್ಣು ನೋಡು ಎಂದು ಬೇಡಿಕೊಂಡೆ. ಅವನು ಬರಲಿಲ್ಲ. ಬೇರೆ ಯಾರೂ ಬರಲಿಲ್ಲ. ಬಾಗಿಲ ಸದ್ದಾದಾಗೆಲ್ಲ ಅಡಿವೆಪ್ಪಣ್ಣ ಆ ಕಡೆ ನೋಡುತ್ತಿದ್ದ. ಖಣ ಹೊದಿಸಿದ ಟ್ಯಾಬ್ "ಪೀರಸಾಬ?" ಅನ್ನುತ್ತಿತ್ತು. ನಾನೋ ಹಾಲಿನವನೋ ಒಳಗೆ ಬರುತ್ತಿದ್ದೆವು. ಮನುಷ್ಯ ಸಾಯುವುದಕ್ಕೆ ಎಂಥೆಂಥ ಕಾಯಿಲೆಯೋ ಬೇಕು ಅನ್ನುತ್ತಾರೆ. ಅವನು ಹೀಗೆ ಬಾಗಿಲು ನೋಡುತ್ತಲೇ ಸೊರಗಿದ ಎಂದು ನಾನು ನಂಬಿದ್ದೇನೆ. ಶ್ರಾವಣ ಮುಗಿಯುವ ಮುಂಚೆ ಇನ್ನೊಂದು ಹೊಡೆತ ಬಂತು, ಅದು ಅವನನ್ನು ಒಯ್ದಿತು.

ಗಾದಿಯವರಲ್ಲಿ ಒಂದು ಪದ್ಧತಿಯಿದೆ. ತೀರಿಕೊಂಡವನನ್ನು ಕಡೆಯದಾಗಿ ಜವಳಿ ಸಾಲಿನಲ್ಲಿ ಅವನ ಅಂಗಡಿಯ ಮುಂದೆ ಹಾಯಿಸಿಕೊಂಡು ಒಯ್ಯುತ್ತಾರೆ. ಎಲ್ಲ ಅಂಗಡಿಗಳ ಗಾದಿಯವರು ಕೆಲಸ ಬಿಟ್ಟು ಮೆಟ್ಟಿಲ ಮೇಲೆ ಬಂದು ನಿಲ್ಲುತ್ತಾರೆ, ಹೆಗಲು ಕೊಡುತ್ತಾರೆ. ಈಗ ಮೆಟ್ಟಿಲ ಮೇಲೆ ನಿಲ್ಲಲು ಯಾರಿದ್ದಾರೆ, ಸುಮ್ಮನೆ ನೇರ ದಾರಿಯಿಂದ ಹೋಗೋಣ ಎಂದೆ. ವೈನಿ ಕೇಳಲಿಲ್ಲ. "ಯಾರೂ ಇರದಿದ್ರ ಓಣಿ ಐತಲ್ಲ," ಅಂದರು.

ಲಿಂಗಾಯತರು ತೀರಿಕೊಂಡವರನ್ನು ಕೂಡಿಸಿ ಒಯ್ಯುತ್ತಾರೆ. ಹೆಗಲ ಮೇಲೆ ಹೊರುವ ಹೂವಿನ ವಿಮಾನದಲ್ಲಿ ಅಡಿವೆಪ್ಪಣ್ಣನನ್ನು ಗಾದಿಯ ಮೇಲೆ ಕೂಡುತ್ತಿದ್ದ ಹಾಗೆಯೇ ಕೂಡಿಸಿದ್ದರು. ಹೊಸ ಧೋತರ, ರೇಷ್ಮೆಯ ರುಮಾಲು, ಹಣೆಗೆ ವಿಭೂತಿ, ಕೊರಳ ತುಂಬ ಮಾಲೆ. ಮುಂದೆ ಭಜನೆಯವರು, ಹಿಂದೆ ನಾವು ಹತ್ತಿಪ್ಪತ್ತು ಜನ. ಜವಳಿ ಸಾಲಿಗೆ ಹೊರಳಿದೆವು. ಮೆಟ್ಟಿಲುಗಳು ಖಾಲಿಯಿದ್ದವು. ಬಾಗಿಲ ಬಳಿಯ ಟ್ಯಾಬುಗಳು ನಮ್ಮನ್ನು ಕಂಡವು. ತಾಳ, ಹೂವು, ಹೊಸ ಬಟ್ಟೆ ಉಟ್ಟು ನಡುವೆ ಕುಳಿತ ಒಬ್ಬ ಗಂಡಸು, ಹಿಂದೆ ಹೆಣ್ಣುಮಕ್ಕಳು. ಅವುಗಳಿಗೆ ತಿಳಿದಿದ್ದು ಒಂದೇ.

"ಬರ್ರಿ, ಬರ್ರಿ, ಮದುವಿ ಮಂದಿ ಬಂದ್ರು," ಅಂದಿತು ಮೊದಲ ಅಂಗಡಿಯಿಂದ ಅಡಿವೆಪ್ಪಣ್ಣನ ಧ್ವನಿ. ಎಡದ ಅಂಗಡಿ ಬಿಟ್ಟಲ್ಲಿ ಬಲದ ಅಂಗಡಿ ಹಿಡಿಯಿತು. "ಮದುಮಗನ್ನ ಬಿಸಲಾಗ ಯಾಕ ಕೂಡ್ಸೀರಿ, ಒಳಗ ಕರಕೊಂಡ ಬರ್ರಿ. ಎಂಥಾ ಕಳಿ ಐತಿ ಮಾರಿ ಮ್ಯಾಲೆ." ಮುಂದಿನದು, ಅದರ ಮುಂದಿನದು. ಇಡೀ ಓಣಿಯಲ್ಲಿ ಅವನೇ ಅವನನ್ನು ಕರೆಯುತ್ತಿದ್ದ. ಭಜನೆಯವರ ತಾಳ ತಪ್ಪಿತು. ಹೆಗಲು ಕೊಟ್ಟವರು ನಿಂತೇಬಿಟ್ಟರು. ವೈನಿ ಒಬ್ಬರೇ ತಲೆಯೆತ್ತಿ ವಿಮಾನದ ಕಡೆ ನೋಡುತ್ತಿದ್ದರು.

ಪೀರಸಾಬ ತನ್ನ ತಳ್ಳುಗಾಡಿಯ ಹಿಂದೆ ನಿಂತಿದ್ದ. ಅವನು ಮುಚ್ಚಿದ ಬಾಯಿಯ ಆ ಮುಖವನ್ನು ನೋಡಿದ, ಮದುಮಗ ಎಂದು ಕೂಗುವ ಅಂಗಡಿಗಳನ್ನು ನೋಡಿದ, ಮತ್ತೆ ಆ ಮುಖವನ್ನು ನೋಡಿದ. ನಾನು ಎಷ್ಟು ಹೇಳಿದರೂ ತಲೆಗೆ ಹೋಗದ್ದು ಅವನಿಗೆ ಆಗ ತಿಳಿಯಿತು. ಗಾಡಿ ಬಿಟ್ಟು ಓಡಿಬಂದು ವಿಮಾನದ ಬೊಂಬಿಗೆ ಹಣೆ ಹಚ್ಚಿದ.

"ಅಣ್ಣಾ, ನನ್ನಿಂದ ತಪ್ಪಾತು," ಅಂದ. "ನಾ ಬರಬೇಕಿತ್ತು. ನಾ ಬರ್ಲಿಲ್ಲ."

ನಮ್ಮ ಅಂಗಡಿಯ ಟ್ಯಾಬ್ ಅವನ ಅಳುವ ಮುಖವನ್ನು ನೋಡುತ್ತಿತ್ತು. "ಇರ್ಲಿ ಬಿಡೋ, ಅದೇನ ದೊಡ್ಡ ಮಾತು," ಅಂದಿತು ಅಡಿವೆಪ್ಪಣ್ಣನ ಧ್ವನಿಯಲ್ಲಿ, ಬಹಳ ಪ್ರೀತಿಯಿಂದ. "ನೀ ಬಂದ್ಯಲ್ಲ, ಸಾಕು. ಒಳಗ ಬಾ, ಕೂಡು."

ಪೀರಸಾಬ ತಲೆಯೆತ್ತಿ ಅಂಗಡಿಯ ಕಡೆ ನೋಡಲಿಲ್ಲ. ವಿಮಾನದ ಮೇಲಿನ ಮುಖವನ್ನೇ ನೋಡುತ್ತ ಉತ್ತರಕ್ಕಾಗಿ ಕಾದ. ಅವನು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತಿದ್ದನೋ ಏನೋ. ವೈನಿ ಬಂದು ಅವನ ಬೆನ್ನು ಮುಟ್ಟಿದರು.

"ಅವರು ಏನ ಅಂತಿದ್ರೋ ನನಗೂ ಗೊತ್ತಿಲ್ಲಪಾ," ಅಂದರು. "ಹೆಗಲ ಕೊಡು, ಹೊತ್ತಾಗ್ತೈತಿ."